ಎಳೆ ಹರಿದರೆ ಮಗ್ಗ ನಿಲ್ಲಿಸುವವರು

“ದೊಡ್ಡವರು ತಪ್ಪು ಔಷಧಿ ಕೊಡುವುದು ಕಂಡರೆ ಏನು ಮಾಡುತ್ತೀರಿ?” ಬನಹಟ್ಟಿಯ ಆಸ್ಪತ್ರೆಗೆ ನರ್ಸ್‌ಗಳ ಮುಖ್ಯಸ್ಥೆಯಾಗಿ ಸೇರಿದ ಮೊದಲ ದಿನ ಕೇಳಿದೆ. “ಸುಮ್ಮನ ಇರ್ತೇವ್ರಿ” ಎಂದರು ಎಲ್ಲರೂ, ನಗುತ್ತಲೇ! ಮೈಸೂರಿನಿಂದ ಬಂದಿದ್ದ ನನಗೆ ನಂಬಲಾಗಲಿಲ್ಲ.

ಮೈಸೂರಲ್ಲಿ ನಾವೇನು ಮಹಾ ಧೈರ್ಯವಂತರಲ್ಲ ಬಿಡಿ. ಎದುರಿಗೆ ತಲೆಯಾಡಿಸಿ ಹಿಂದೆ ಗೊಣಗುತ್ತಿದ್ದೆವು. ಇಲ್ಲಿ ಗೊಣಗುವುದೂ ಇಲ್ಲ. ಜಗಳದಲ್ಲೂ ‘ರಿ’ ಬಿಡುವುದಿಲ್ಲ. ಬಾಡಿಗೆ ಮನೆ ಸಿಕ್ಕಿದ್ದು ಮಗ್ಗಗಳ ಓಣಿಯಲ್ಲಿ, ಬೆಳಗಾದರೆ ಗೋಡೆಯೇ ಖಟಖಟ ಎನ್ನುತ್ತದೆ. ಖಡಕ್ ರೊಟ್ಟಿಗೆ ಹಲ್ಲು ಹೊಂದಿಕೊಂಡಿತು. ಸಂಜೆಯ ಒಂಟಿತನಕ್ಕೆ ಮನಸ್ಸು ಹೊಂದಿಕೊಳ್ಳಲಿಲ್ಲ.

ಆದರೂ ಒಂದು ನಿಯಮ ತಂದೇ ತೀರುತ್ತೇನೆಂದು ಹಟ ಹಿಡಿದೆ. ಇಂಜೆಕ್ಷನ್‌ಗೆ ಮೊದಲು ರೋಗಿಯ ಹೆಸರು, ಊರು ಜೋರಾಗಿ ಓದಬೇಕು. ತಪ್ಪು ಕಂಡವರು ಯಾರೇ ಆಗಲಿ ತಡೆಯಬೇಕು. ಚಾರ್ಟ್ ಅಂಟಿಸಿದೆ, ಸಭೆ ಕರೆದೆ, ಕೂಗಾಡಿದೆ. “ಹೂನ್ರಿ” ಎಂದರೇ ಹೊರತು ಒಬ್ಬರೂ ತಡೆಯಲಿಲ್ಲ.

ವಾರ್ಡ್ ಗುಡಿಸುವ ಕಾಶವ್ವ ನೇಕಾರರ ಮನೆಯವಳು, ನನ್ನನ್ನು ಮೇಡಂ ಎನ್ನದೆ ‘ಬಾಯಾರ’ ಎನ್ನುವವಳು. ಒಂದು ದಿನ ಅವಳೇ ಹೇಳಿದಳು: “ಬಾಯಾರ, ಎಳಿ ಹರದ್ರ ಯಾರ ನೋಡ್ತಾರೋ ಅವ್ರ ಮಗ್ಗ ನಿಂದರಸ್ತಾರ್ರಿ. ಮಾಲಕರನ್ನ ಕೇಳ್ಕೋತ ಕುಂತ್ರ ಸೀರಿ ಕೆಡತೈತಿ. ಇವರೆಲ್ಲ ಮಗ್ಗದ ಮನಿ ಹುಡುಗ್ಯಾರು. ಹಂಗ ಹೇಳ್ರಿ.”

ನಾನು ಹೇಳಲಿಲ್ಲ, ಚಾರ್ಟ್ ಕಿತ್ತು ಅವಳಿಂದಲೇ ಹೇಳಿಸಿದೆ.

ಕೆಲವು ದಿನಗಳ ನಂತರ ಗಡಿಬಿಡಿಯಲ್ಲಿ ಹೆಸರು, ಊರು ಓದದೆ ಸಿರಿಂಜ್ ಹಿಡಿದು ಹೊರಟವಳು ನಾನೇ. ಹಿಂದಿನಿಂದ ದನಿ ಬಂತು: “ತಡೀರಿ!” ತಲೆ ಎತ್ತಿ ಮಾತಾಡದ ಸಾವಿತ್ರಿ, ಎಲ್ಲರಿಗಿಂತ ಕಿರಿಯ ನರ್ಸ್. ಬಂದು ನನಗೂ ರೋಗಿಗೂ ನಡುವೆ ನಿಂತಳು. “ಇವ್ರು ಮಹಾಲಿಂಗಪುರದ ಶಾಂತವ್ವರಿ. ಆ ಇಂಜೆಕ್ಷನ್ ತೇರದಾಳದ ಶಾಂತವ್ವಂದು.”

ಇಡೀ ವಾರ್ಡ್ ನನ್ನನ್ನೇ ನೋಡುತ್ತಿತ್ತು. ಅವಮಾನವಾಯಿತು. ಸಿಟ್ಟೂ ಬಂತು, ಸುಳ್ಳು ಹೇಳುವುದಿಲ್ಲ. ಈಗ ನಾನು ಗದರಿದರೆ ಇಲ್ಲಿ ಇನ್ನೆಂದೂ ಯಾರೂ ಬಾಯಿ ಬಿಡುವುದಿಲ್ಲ ಎಂದು ಗೊತ್ತಿತ್ತು. ಸಿರಿಂಜ್ ತಟ್ಟೆಗಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದೆ: “ತಪ್ಪು ನನ್ನದು. ಛಲೋ ಮಾಡಿದೆ, ಸಾವಿತ್ರಿ.”

ಮರುವಾರ ಅವಳು ಡಾಕ್ಟರನ್ನೇ ತಡೆದಳು.

ರಜೆಗೆ ಮೈಸೂರಿಗೆ ಹೋಗಿದ್ದೆ. ಅಪ್ಪ ಕನ್ನಡಕವಿಲ್ಲದೆ ಅಮ್ಮನ ಮಾತ್ರೆಯನ್ನು ತಮ್ಮ ಬಾಯಿಗಿಡುವುದರಲ್ಲಿದ್ದರು. “ತಡೀರಿ!” ಎಂದು ಸಾವಿತ್ರಿಯ ಧಾಟಿಯಲ್ಲೇ ಕೂಗಿದೆ. ಅಮ್ಮ ನಕ್ಕುಬಿಟ್ಟಳು: “ನಿಮ್ಮೂರಲ್ಲಿ ಹೀಗೇನೇ ಮಾತಾಡೋದು?”

ನನ್ನೂರು ಇದೇ ಅಲ್ಲವೇನಮ್ಮ ಎನ್ನಬೇಕೆನಿಸಿತು, ಸಂಕಟವಾಯಿತು. ಆದರೆ ಬನಹಟ್ಟಿ ನನ್ನೂರಲ್ಲ ಎನ್ನಲೂ ಬಾಯಿ ಬರಲಿಲ್ಲ.