ಶರ್ವಾಣಿಯ ಬಾಯಲ್ಲಿ ಭೂಮಿಕಾಳ ಮಾತು

ಕಡೂರಿನ ತಾಲ್ಲೂಕು ಕಚೇರಿಯ ಎದುರಿಗಿರುವ ಟೈಪಿಂಗ್ ಅಂಗಡಿಯಲ್ಲಿ ಸಂಘಮಿತ್ರಾಳ ಕೆಲಸವೆಂದರೆ ಬೇರೆಯವರ ಮಾತನ್ನು ಅರ್ಜಿಯ ಭಾಷೆಗೆ ತಿರುಗಿಸುವುದು. ಎಮ್ಮೆದೊಡ್ಡಿಯ ಬೀರಪ್ಪ ಬಂದು, "ನಮ್ಮಣ್ಣ ನನ್ ಬಾಯಿಗೆ ಮಣ್ಣಾಕ್ಬಿಟ್ಟ ಕಣವ್ವಾ" ಎಂದರೆ, ಪರದೆಯ ಮೇಲೆ "ಸದರಿ ಖಾತೆ ಬದಲಾವಣೆಗೆ ನನ್ನ ತಕರಾರು ಇರುತ್ತದೆ" ಎಂದು ಮೂಡುತ್ತಿತ್ತು. ಅದನ್ನು ಓದಿಸಿ ಕೇಳಿದ ಬೀರಪ್ಪ, "ಇದ್ರಲ್ಲಿ ಮಣ್ಣೇ ಇಲ್ವಲ್ಲವ್ವಾ!" ಎಂದು ಪೆಚ್ಚಾಗಿದ್ದ.

ಚೌಳಹಿರಿಯೂರಿನ ತಾತ ಪುಟ್ಟಯ್ಯ, ಮನೆತನ ಬೌದ್ಧ ಧರ್ಮಕ್ಕೆ ಬಂದ ಮೇಲೆ ಹುಟ್ಟಿದ ಮೊದಲ ಮೊಮ್ಮಗಳೆಂದು ಆಸೆಯಿಂದ ಇಟ್ಟ ಹೆಸರು ಅವಳದು. ಅದನ್ನು ಪೂರ್ತಿ ಕರೆಯುವ ತಾಳ್ಮೆ ಯಾರಿಗೂ ಇರಲಿಲ್ಲ. ಅಂಗಡಿಯಲ್ಲಿ ಅವಳು ಮೇಡಮ್. ಅಣ್ಣನ ಮನೆಯಲ್ಲಿ ಮಕ್ಕಳಿಗೆ ಅತ್ತೆ. ‘ಮಿತ್ರಾ’ ಎನ್ನುತ್ತಿದ್ದವಳು ಭೂಮಿಕಾ ಒಬ್ಬಳೇ.

ಇಬ್ಬರದೂ ಒಂದೇ ಬೀದಿ, ಕಾಲೇಜಿನಲ್ಲಿ ಒಂದೇ ಬೆಂಚು. ಭೂಮಿಕಾ ಮದುವೆಯಾಗಿ ಲಿಂಗದಹಳ್ಳಿಗೆ ಹೋದ ಮೇಲೂ ಸ್ನೇಹ ಉಳಿದದ್ದು ‘ಎರಡು ಬಾಗಿಲ ಮನೆ’ ಎಂಬ ಧಾರಾವಾಹಿಯಿಂದ. ಅವಳು ಅಲ್ಲಿ, ಇವಳು ಇಲ್ಲಿ ನೋಡುತ್ತಿದ್ದರು; ಜಾಹೀರಾತು ಬಂದ ಕೂಡಲೇ ಫೋನು. ಹೈಮಾ, ಶರ್ವಾಣಿ ಎಂಬ ವಾರಗಿತ್ತಿಯರು ಒಬ್ಬರ ಹಾಲಿಗೆ ಇನ್ನೊಬ್ಬರು ವಿಷ ಬೆರೆಸುವ ಕಥೆ ಅದು. "ಇವ್ರಿಬ್ರೂ ಒಂದಿನ ಕೂತ್ಕೊಂಡು ಕಾಫಿ ಕುಡಿದ್ರೆ ಸೀರಿಯಲ್ಲೇ ಮುಗ್ದೋಯ್ತದೆ ಕಣೇ" ಎಂದು ಭೂಮಿಕಾ ನಗುತ್ತಿದ್ದಳು.

ಕ್ರಮೇಣ ಆ ಫೋನು ಕಡಿಮೆಯಾಯಿತು. ಇವಳೇ ಮಾಡಿದರೆ, "ಆಮೇಲ್ ಮಾಡ್ತೀನಿ ಕಣೇ, ಅತ್ತೆ ಕರೀತಾವ್ರೆ" ಎಂಬ ಉತ್ತರ. ಆ ‘ಆಮೇಲೆ’ ಬರಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು.

ಆಗ ಸಂಘಮಿತ್ರಾ ಬರೆಯತೊಡಗಿದಳು. ಧಾರಾವಾಹಿಯ ಪಾತ್ರಗಳನ್ನು ಎತ್ತಿಕೊಂಡು, ಟಿವಿಯವರು ಕೊಡದ ಸಂಬಂಧವನ್ನು ಅವರಿಗೆ ಕೊಟ್ಟು ಬರೆಯುವವರು ಮೊಬೈಲಿನ ಕಥೆಗಳ ಆ್ಯಪಿನಲ್ಲಿ ಬಹಳ ಜನರಿದ್ದರು. ಅದಕ್ಕೆ ಫ್ಯಾನ್ ಫಿಕ್ಷನ್ ಎನ್ನುತ್ತಿದ್ದರು. ಇವಳ ಕಥೆಯಲ್ಲಿ ವಾರಗಿತ್ತಿಯರು ಮೆಲ್ಲಗೆ ಗೆಳತಿಯರಾಗುತ್ತಿದ್ದರು. ಬೇರೆ ಹೆಸರಿನಲ್ಲಿ ಬರೆದರೂ, ಭೂಮಿಕಾ ಓದಿದರೆ ಗುರುತು ಹಿಡಿಯುತ್ತಾಳೆ, ಹಿಡಿದರೆ ಫೋನ್ ಮಾಡುತ್ತಾಳೆ ಎಂಬುದೊಂದೇ ಅವಳ ಆಸೆ. ಊಟದ ಬಿಡುವಿನಲ್ಲಿ ಮೊಬೈಲಿಗೆ ಬಾಗಿ ಕೂತವಳನ್ನು ಅಂಗಡಿಯ ಮಾಲೀಕ ತಿಪ್ಪೇಶ್, "ಏನ್ ಮೇಡಮ್, ಸಂಸಾರ ಎಲ್ಲಾ ಅದ್ರೊಳ್ಗೇನಾ?" ಎಂದು ರೇಗಿಸುತ್ತಿದ್ದ.

ಧಾರಾವಾಹಿಯಲ್ಲಿ ಆ ಇಬ್ಬರೂ ಕತ್ತು ಹಿಸುಕುವಾಗಲೂ ‘ನೀವು’ ಎಂದೇ ಮಾತಾಡುತ್ತಿದ್ದರು. ಇವಳ ಓದುಗರಿಗೆ ಅದೇ ಕುತೂಹಲ: ‘ನೀನು’ ಅನ್ನುವುದು ಯಾವಾಗ? ಆ ಅಧ್ಯಾಯ ಬರೆಯುವ ದಿನ, ಶರ್ವಾಣಿ ಮನಸ್ಸು ಬಿಚ್ಚಬೇಕಾದ ಜಾಗದಲ್ಲಿ ಸಂಘಮಿತ್ರಾಳ ಕೈ ನಿಂತಿತು. ಭೂಮಿಕಾ ಒಮ್ಮೆ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಹೇಳಿದ್ದು ನೆನಪಾಯಿತು. ಅದನ್ನೇ ಹಾಕಿದಳು: "ಈ ಮನೇಲಿ ನಾನು ಕಾಣೋದು ಕರೆಂಟ್ ಹೋದಾಗ ಮಾತ್ರ ಕಣೇ. ಮೇಣದಬತ್ತಿ ಎಲ್ಲಿದೆ ಅಂತ ಕೇಳೋಕೆ."

ಓದಿದವರೆಲ್ಲ ಆ ಮಾತಿಗೆ ಕರಗಿದರು. ಎಷ್ಟೋ ಹೆಂಗಸರು ಅದನ್ನು ತಮ್ಮ ಸ್ಟೇಟಸ್ಸಿಗೆ ಹಾಕಿಕೊಂಡರು. ವಾರ ಕಳೆಯುವುದರೊಳಗೆ ಭೂಮಿಕಾಳ ಫೋನೂ ಬಂತು. ಬೀರಪ್ಪನ ಅರ್ಜಿಯನ್ನು ಅರ್ಧಕ್ಕೆ ಬಿಟ್ಟು ಸಂಘಮಿತ್ರಾ ಅಂಗಡಿಯ ಮೆಟ್ಟಿಲಿಗೆ ಬಂದಳು.

"ಓದಿದ್ಯೇನೇ?"

"ನಾನ್ ಓದ್ಲಿಲ್ಲ. ನಮ್ ನಾದಿನಿ ಗಗನಾ ಓದಿದ್ಲು. ಅವತ್ತು ನಾನ್ ಫೋನಲ್ಲಿ ಅಂದಿದ್ದನ್ನ ಅವ್ಳು ಕೇಳಿಸ್ಕೊಂಡಿದ್ಲಂತೆ. ಅತ್ತೆ ಮುಂದೆ ಗಟ್ಟಿಯಾಗಿ ಓದಿದ್ಲು."

"ಅಯ್ಯೋ, ನಾನು ನಿನ್ ಹೆಸ್ರು ಎಲ್ಲೂ..."

"ಈಗ ಹಾಡುಹಗಲಲ್ಲೂ ಮೇಣದಬತ್ತಿ ಎಲ್ಲವ್ವಾ ಅಂತ ಕೇಳ್ತಾರೆ. ಕೇಳಿ ನಗ್ತಾರೆ. ನಮ್ಮನೆಯವ್ರೂ ನಗ್ತಾರೆ."

ಆಮೇಲೆ ಭೂಮಿಕಾ, ಬ್ಯಾಂಕಿನ ಕೌಂಟರಿನಲ್ಲಿ ಮಾತಾಡುವ ದನಿಯಲ್ಲಿ ಹೇಳಿದಳು: "ನೀವು ಅದನ್ನ ತೆಗ್ದುಬಿಡಿ."

ಫೋನ್ ಕಟ್ಟಾದ ಮೇಲೂ ಸಂಘಮಿತ್ರಾಳ ಕಿವಿಯಲ್ಲಿ ಉಳಿದದ್ದು ಆ ‘ನೀವು’. ಬೈಗುಳವಾಗಿದ್ದರೆ ಅದಕ್ಕೆ ಎದುರುಮಾತು ಇರುತ್ತಿತ್ತು.

ಆ ಒಂದು ಸಾಲನ್ನಷ್ಟೇ ತೆಗೆಯಬಹುದಿತ್ತು. ಆದರೆ ಬಸ್ಸಿನಲ್ಲಿ ಕೂತು ಮೊದಲಿಂದ ಓದುತ್ತಾ ಹೋದಂತೆ, ಶರ್ವಾಣಿಯ ನಗು, ಮುನಿಸು, ಮಾತಿನ ನಡುವೆ ನಿಲ್ಲಿಸುವ ರೀತಿ, ಎಲ್ಲವೂ ಭೂಮಿಕಾಳವೇ ಎಂದು ತಿಳಿಯಿತು. ಕಥೆಯನ್ನು ಪೂರ್ತಿ ಅಳಿಸಿದಳು. ಮುಂದಿನ ಭಾಗಕ್ಕೆ ಕಾದಿದ್ದವರ ಪ್ರಶ್ನೆಗಳೂ ಅದರೊಂದಿಗೇ ಹೋದವು. "ಎಲ್ಲಾ ತೆಗ್ದೆ ಕಣೇ, ತಪ್ಪಾಯ್ತು" ಎಂದು ಭೂಮಿಕಾಗೆ ಸಂದೇಶ ಕಳಿಸಿದಳು. ಉತ್ತರ ತಡವಾಗಲಿಲ್ಲ: "ಥ್ಯಾಂಕ್ಸ್ ರೀ."

ಅಂದು ಸಂಜೆ ಅಣ್ಣನ ಮನೆಯ ನಡುಮನೆಯ ಟಿವಿಯಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ಅವಳು ಕೋಣೆಯಲ್ಲಿ ಮೊಬೈಲಿನಲ್ಲೇ ಧಾರಾವಾಹಿ ನೋಡಿದಳು. ಹೈಮಾ ಮತ್ತು ಶರ್ವಾಣಿ ಕಣ್ಣು ಕೆಂಪಾಗಿಸಿಕೊಂಡು ನಿಂತಿದ್ದರು. ಹಿಂದಿನಿಂದ ಕೆಲಸದವಳೊಬ್ಬಳು ಕಾಫಿ ತಟ್ಟೆ ಹಿಡಿದು ಬಂದಳು. ಹೆಸರಿಲ್ಲ, ಒಂದು ಮಾತೂ ಇಲ್ಲ. ಮುಖ ಕೂಡ ಅರ್ಧವಷ್ಟೇ ಕಂಡಿತು.

ಜಾಹೀರಾತು ಬಂತು. ಸಂಘಮಿತ್ರಾ ಬರೆಯುವ ಪುಟ ತೆರೆದಳು. ಆ ಹೆಂಗಸು ಏನು ಮಾತಾಡಿಯಾಳು ಎಂದು ಯೋಚಿಸಿದಳು. ಮನಸ್ಸಿನಲ್ಲಿ ಭೂಮಿಕಾಳದಾಗಲಿ, ಇನ್ನಾರದಾಗಲಿ ದನಿ ಕೇಳಿಸಲಿಲ್ಲ. ಕೊನೆಗೆ ಹೀಗೆ ಬರೆದಳು: ‘ಜಗಳ ಮುಗಿಸಿ ಎಲ್ಲರೂ ಮಹಡಿ ಹತ್ತಿದರು. ಅವಳು ಒಂದು ಲೋಟ ತೆಗೆದುಕೊಂಡು, ಯಜಮಾನರ ಕುರ್ಚಿಯಲ್ಲಿ ಕೂತಳು. ಕಾಫಿ ಆರಿತ್ತು. ಕುಡಿದಳು.’