ಅಕ್ಕನ ತಾಳಿ ಮತ್ತು ಬಾಯಿ ಮುಚ್ಚುವ ಯಂತ್ರ

ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವ ಹುಚ್ಚು ನಮ್ಮ ಕಡೆ ನನಗೊಬ್ಬನಿಗೇ ಎಂದುಕೊಂಡಿದ್ದೆ. ಆಮೇಲೆ ಹೊಳೆನರಸೀಪುರದ ಒಬ್ಬ ಗಂಟುಬಿದ್ದ. ನನ್ನದು ಹಳೆಯ ಯಂತ್ರ. ಒಂದು ತಿರುಗುಣಿ, ಒಂದು ಮುಳ್ಳು, ಹಿಡಿಕೆಗೆ ಸುತ್ತಿದ ಕರಿ ಟೇಪು. ಮಣ್ಣಲ್ಲಿ ಯಾವ ಲೋಹವಿದ್ದರೂ ಕೂಗುತ್ತದೆ, ಅಷ್ಟೇ. ಅವನದಕ್ಕೆ ಪರದೆ ಇದೆ, ಅದರ ಮೇಲೆ ಅಂಕಿಗಳು ಓಡುತ್ತವೆ. ಇಂಥ ಲೋಹ ಬೇಡ ಎಂದು ಮೊದಲೇ ಹೇಳಿಟ್ಟರೆ, ಅದು ಸಿಕ್ಕಾಗ ಬಾಯಿ ಮುಚ್ಚಿಕೊಂಡಿರುತ್ತದೆ. ಹಾಸನದ ಮೈದಾನದಲ್ಲಿ ಅವನು ಎಲ್ಲರಿಗೂ ಕಾಣುವಂತೆ ಹುಲ್ಲಿನ ಮೇಲೆ ಒಂದು ನಾಣ್ಯ ಇಟ್ಟು, ಮೇಲೆ ಯಂತ್ರ ಆಡಿಸಿ, "ನೋಡಿದ್ರಾ?" ಎನ್ನುತ್ತಿದ್ದ. ಕಣ್ಣಿಗೆ ಕಾಣುವ ನಾಣ್ಯ ಹುಡುಕಲು ಅಷ್ಟು ದೊಡ್ಡ ಯಂತ್ರ! ಹಾಸನದಿಂದ ಚನ್ನರಾಯಪಟ್ಟಣದವರೆಗೆ ಅಲೆದು ಅವನು ಪತ್ತೆ ಮಾಡಿದ್ದು ಒಂದು ಸೈಕಲ್ ಬೆಲ್ಲು. ಆದರೂ ನನಗೆ ಹೊಟ್ಟೆಯುರಿ ತಪ್ಪಲಿಲ್ಲ. ಹಳೆಯದನ್ನು ಯಾರಿಗಾದರೂ ದಾಟಿಸಿ ಅಂಥದ್ದೇ ಕೊಳ್ಳಬೇಕೆಂದು ಮನಸ್ಸು ಮಾಡಿದ್ದೆ.

ಅಷ್ಟರಲ್ಲಿ ಅಕ್ಕನ ಫೋನು ಬಂತು. ಅವಳನ್ನು ಕೊಟ್ಟಿರುವುದು ಅರಕಲಗೂಡಿನ ಹತ್ತಿರದ ಹಳ್ಳಿಗೆ. ಆಲೂಗಡ್ಡೆ ಅಗೆಯುವಾಗ ದಾರ ಕಿತ್ತು ಅವಳ ತಾಳಿ ಹೊಲದಲ್ಲಿ ಬಿದ್ದುಹೋಗಿತ್ತು. ಸಿಗುವವರೆಗೆ ಇರಲೆಂದು ಅರಿಶಿನದ ಕೊಂಬು ಕಟ್ಟಿಕೊಂಡಿದ್ದಳು. ಹೊಸದು ಮಾಡಿಸು ಎಂದವರ ಮಾತು ಅವಳ ಕಿವಿಗೆ ಬೀಳುತ್ತಿರಲಿಲ್ಲ. ಅದು ಅವ್ವ ತನ್ನ ಬಳೆ ಕರಗಿಸಿ ಮಾಡಿಸಿಕೊಟ್ಟ ತಾಳಿ, ಅವ್ವ ಈಗಿಲ್ಲ.

ಹೊಳೆನರಸೀಪುರದವನೂ ಜೊತೆಗೆ ಹೊರಟ, ಟೋಪಿ, ಕೈಗವಸು ಸಮೇತ. ದಾರಿಯಲ್ಲಿ ಹೋಗುತ್ತಿದ್ದವರು ನಿಂತು, "ನಿಧಿ ಐತಾ ಸಾ?" ಎಂದರು. ಡಿಟೆಕ್ಟರ್ ಕಂಡರೆ ನಮ್ಮವರಿಗೆ ಬೇರೇನೂ ಹೊಳೆಯುವುದಿಲ್ಲ. ಆಲೂಗಡ್ಡೆ ಸಾಲಿನಲ್ಲಿ ಯಾವ ರಾಜ ಬಂದು ಕೊಪ್ಪರಿಗೆ ಹೂತಿಟ್ಟನೋ!

ಹೊಲಕ್ಕಿಳಿದದ್ದೇ ತಡ ನನ್ನ ಯಂತ್ರ ಕೂಗತೊಡಗಿತು. ಅಗೆದೆ. ಬ್ರಾಂದಿಯ ಟೆಟ್ರಾ ಪ್ಯಾಕೆಟ್ಟು. ಒಳಗಿನ ಬೆಳ್ಳಿ ಬಣ್ಣದ ಹಾಳೆ ಇನ್ನೂ ಮಿನುಗುತ್ತಿತ್ತು. ಎರಡು ಹೆಜ್ಜೆ ಆಚೆ ಮತ್ತೆ ಕೂಗಿತು, ಮತ್ತೆ ಅದೇ. ಟಿಲ್ಲರಿಗೆ ಸಿಕ್ಕಿ ಚೂರಾದವು, ಚೂರಾಗದವು, ಹೊಲದ ತುಂಬ. ಕುಡಿಯುವುದು ಬಿಟ್ಟೆ ಎಂದು ಮನೆದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದ್ದ ಭಾವ ಬದುವಿನ ಮೇಲಿಂದ ಎದ್ದು ಬಂದರು.

"ಅದ್ಯಾಕಪ್ಪ ಅಂಗ್ ಬಡ್ಕೋತದೆ? ಹಳೇ ಡಬ್ಬ ಕಣ ಅದು. ಇವರ್ದು ನೋಡು, ಎಂಗದೆ! ಸಾ, ಈ ಪ್ಯಾಕೆಟ್‌ಗೆ ಕೂಗ್ದಂಗೆ ಮಾಡಕಾಯ್ತದಾ?"

"ಯಾಕಾಗಲ್ಲ?" ಎಂದು ಅವನು ಗುಂಡಿ ಒತ್ತಿದ.

ಅವನ ಯಂತ್ರ ಇಡೀ ಹೊಲ ಸುತ್ತಿತು, ಒಂದು ಸಲವೂ ಕೂಗಲಿಲ್ಲ. ತಾಳಿ ಇಲ್ಲಿ ಬಿದ್ದೇ ಇಲ್ಲ ಎಂದು ತೀರ್ಪು ಕೊಟ್ಟ. ಪ್ಯಾಕೆಟ್ಟಿನ ಆ ಹಾಳೆಯೂ ಸಣ್ಣ ಚಿನ್ನವೂ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ, ಒಂದನ್ನು ಬೇಡ ಎಂದರೆ ಇನ್ನೊಂದೂ ಹೋಯಿತು ಎಂಬಷ್ಟು ತಿಳಿವಳಿಕೆ ಆ ಮಹಾಶಯನಿಗಿರಲಿಲ್ಲ. ಭಾವನಿಗೆ ಅದು ಬೇಕೂ ಇರಲಿಲ್ಲ. ಹೆಂಡತಿಯ ತಾಳಿ ಮಣ್ಣು ತಿಂದರೂ ಸರಿ, ತನ್ನ ಪ್ಯಾಕೆಟ್ಟು ಮೇಲೆ ಬರಬಾರದು. ಇಂಥವನಿಗೆ ಅಕ್ಕನನ್ನು ಕೊಟ್ಟೆವಲ್ಲ ಎಂದು ಮೈ ಉರಿದುಹೋಯಿತು. ಹೊಸ ಯಂತ್ರ ಕೊಳ್ಳುವ ಚಪಲ ಅಲ್ಲಿಗೇ ಸತ್ತಿತು.

ಬುತ್ತಿ ತಂದ ಅಕ್ಕ ಬದುವಿನ ಮೇಲೆ ನಾನು ಗುಡ್ಡೆ ಹಾಕಿದ್ದ ಪ್ಯಾಕೆಟ್ಟುಗಳನ್ನು ನೋಡಿದಳು. ಗಂಡನ ಮುಖವನ್ನೂ ನೋಡಿದಳು.

"ಅದು ಕೂಗಿದ್ ಕಡೆಯೆಲ್ಲ ಅಗಿಯಪ್ಪ. ಒಂದೂ ಬಿಡಬ್ಯಾಡ" ಎಂದಳು.

ನನ್ನ ಯಂತ್ರ ಕೂಗಿತು, ನಾನು ಅಗೆದೆ, ಅವಳು ಮಣ್ಣು ಕೆದಕಿ ನೋಡಿದಳು. ಗುಡ್ಡೆ ಬೆಳೆಯಿತು. ಹೊಳೆನರಸೀಪುರದವನು ಮೊಸಳೆ ಎಂಬ ಊರಿನಲ್ಲಿ ಏನೋ ಕೆಲಸವಿದೆ ಎಂದು ಜಾಗ ಖಾಲಿ ಮಾಡಿದ. ಹೊತ್ತು ಇಳಿಯುವಾಗ, ಹರಿದ ಪ್ಯಾಕೆಟ್ಟೊಂದರ ಪಕ್ಕದಲ್ಲೇ, ಮಣ್ಣಿನ ಹೆಂಟೆಯೊಳಗೆ ತಾಳಿ ಸಿಕ್ಕಿತು. ಅಕ್ಕ ಅದನ್ನು ಸೆರಗಿನಲ್ಲಿ ಒರೆಸುತ್ತ ಅತ್ತಳು.

ಸಿಕ್ಕ ತಾಳಿಯನ್ನು ಮತ್ತೆ ಗಂಡನೇ ಕಟ್ಟಬೇಕು. ಭಾವ ಪಂಚೆಗೆ ಕೈ ಒರೆಸಿಕೊಂಡು, ಹಲ್ಲು ಕಿರಿಯುತ್ತ ಹತ್ತಿರ ಬಂದರು. ಅಕ್ಕ ಮುಷ್ಟಿ ಬಿಗಿ ಮಾಡಿದಳು.

"ನನ್ ಕತ್ತು ಎಲ್ಗೂ ಓಗಲ್ಲ. ಉಳಿದಿರಾ ಪ್ಯಾಕೆಟ್ನೆಲ್ಲ ಆಯ್ಕೊಂಡ್ ಬನ್ನಿ, ಆಮ್ಯಾಕ್ ಕಟ್ಟೀರಂತೆ."

ಅಷ್ಟು ಹೇಳಿ, ನನ್ನ ಹಳೇ ಯಂತ್ರವನ್ನು ಕಿತ್ತುಕೊಂಡು ಅವರ ಕೈಗೆ ಕೊಟ್ಟಳು.