ಕಾಪುವಿನ ಕೂಗಿಗೆ ಕೂಡಿಸಿದ ಶ್ರುತಿ

ಕೋವಿಡ್ ಕಳೆದ ನಂತರದ ಎರಡನೆಯ ಮಳೆಗಾಲ. ಮಣಿಪಾಲದಲ್ಲಿ ನನ್ನ ಮನೆಯ ಮೇಲಿನ ಕೋಣೆಯೇ ಸ್ಟುಡಿಯೋ. ಅಲ್ಲಿಯವರೆಗೆ ಬೇರೆಯವರ ಸಿನಿಮಾಗಳಿಗೆ ತಾಳವಾದ್ಯ ನುಡಿಸುತ್ತಿದ್ದ ನನಗೆ ಮೊದಲ ಬಾರಿ ಒಂದು ತುಳು ಚಿತ್ರದ ಇಡೀ ಹಿನ್ನೆಲೆ ಸಂಗೀತ ಸಿಕ್ಕಿತ್ತು. ವಯಲಿನ್, ಕೊಳಲು ಒಂದೂ ಬೇಡ, ತಾಳವಾದ್ಯಗಳಲ್ಲೇ ಮಾಡುತ್ತೇನೆಂದು ನಾನೇ ಹಟ ಹಿಡಿದಿದ್ದೆ. ನಮ್ಮ ಮದ್ದಳೆ, ಆಫ್ರಿಕಾದ ಜೆಂಬೆ, ಮರದ ಪೆಟ್ಟಿಗೆಯಂತಿರುವ ಪೆರುವಿನ ಕಹೋನ್, ಮಣ್ಣಿನ ಮಡಕೆ, ಇಷ್ಟೇ.

ಕೊನೆಯ ದೃಶ್ಯ ಕಾಪುವಿನ ಕಡಲತೀರದ್ದು. ಬಾರದ ದೋಣಿಗೆ ಕಾಯುವ ತಂಗಿ “ಅಣ್ಣಾ” ಎಂದು ಕೂಗುತ್ತಾಳೆ. ಡಬ್ಬಿಂಗ್‌ನಲ್ಲಿ ಆ ಕೂಗು ಮತ್ತೆ ಬರಲಿಲ್ಲವೆಂದು ಚಿತ್ರೀಕರಣದ ಧ್ವನಿಯನ್ನೇ ಉಳಿಸಿಕೊಂಡಿದ್ದರು. ವಾದ್ಯಗಳನ್ನು ಸೇರಿಸಿ ಕೇಳಿಸಿದಾಗ ನಿರ್ದೇಶಕ ಪ್ರಜ್ವಲ್ ಮುಖ ಸಣ್ಣದು ಮಾಡಿದ.

“ಸುರೇಶಣ್ಣ, ಬೇಜಾರು ಮಾಡ್ಬೇಡಿ. ಅವಳ ಕೂಗೇ ಅಪಶ್ರುತಿ ಕೇಳ್ತದೆ. ಸೋಮವಾರದೊಳಗೆ ಸರಿಯಾಗದಿದ್ರೆ ಚೆನ್ನೈಯಲ್ಲಿ ವಯಲಿನ್ ಹಾಕಿಸ್ತೇನೆ.”

ಕೊನೆಯ ದೃಶ್ಯವೇ ಕೈತಪ್ಪಿದರೆ ನನ್ನ ಹಟಕ್ಕೆ ಅರ್ಥ ಉಳಿಯುತ್ತಿರಲಿಲ್ಲ.

ಮದ್ದಳೆ ನುಡಿಸಿದವರು ಅಂಬಲಪಾಡಿಯ ವಾಸಣ್ಣ, ಯಕ್ಷಗಾನ ಮೇಳದವರು. ಮೇಳದಲ್ಲಿ ಮದ್ದಳೆಯನ್ನು ಭಾಗವತರ, ಅಂದರೆ ಹಾಡುವವರ ಶ್ರುತಿಗೆ ಕೂಡಿಸುವುದು ಪದ್ಧತಿ. ಅಭ್ಯಾಸಬಲದಿಂದ ಅವರು ಅದೇ ಶ್ರುತಿಯಲ್ಲಿ ತಂದಿದ್ದರು; ನಾವು ಜೆಂಬೆಯನ್ನೂ ಅದಕ್ಕೇ ಹೊಂದಿಸಿ, ಮಡಕೆಯನ್ನೂ ಅದಕ್ಕೆ ಹೊಂದುವಂಥದ್ದನ್ನೇ ಆರಿಸಿದ್ದೆವು.

“ಈ ಹುಡುಗಿಗೆ ನಮ್ಮ ಭಾಗವತರ ಶ್ರುತಿ ಆಗುವುದಿಲ್ಲ ಮಾರಾಯ,” ಎಂದು ವಾಸಣ್ಣ ನಕ್ಕರು. “ಕೆಲವು ದಿನ ಅವರಿಗೇ ಆಗುವುದಿಲ್ಲ.”

ಆ ತಮಾಷೆಯಲ್ಲೇ ನನಗೆ ದಾರಿ ಕಂಡಿತು.

“ಹಾಗಾದ್ರೆ ಈ ಸಿನಿಮಾಕ್ಕೆ ಅವಳೇ ಭಾಗವತರು ಅಂತ ಇಟ್ಟುಕೊಳ್ಳುವ, ವಾಸಣ್ಣ.”

ಕೂಗಿನ ಕೊನೆಯ ‘ಆ’ ಬಂದು ನಿಲ್ಲುವ ಸ್ವರವನ್ನು ಹಾರ್ಮೋನಿಯಂನಲ್ಲಿ ಹುಡುಕಿದೆವು. ಬೆರಳಿನಿಂದ ಒತ್ತುವ ಮನೆಗಳಲ್ಲಿ ನಾಲ್ಕನೆಯ ಕಪ್ಪು ಮನೆಗೆ ಹೊಂದಿತು. ವಾಸಣ್ಣ ಮದ್ದಳೆಯನ್ನು ಅದಕ್ಕೆ ಏರಿಸಿದರು, ನಾನು ಜೆಂಬೆಯ ಹಗ್ಗ ಬಿಗಿದೆ. ಕಹೋನ್‌ಗೆ ಇಂಥದ್ದೇ ಸ್ವರವೆಂದಿಲ್ಲ, ಅದು ಹಾಗೇ ನಡೆಯುತ್ತಿತ್ತು. ಆದರೆ ಮಡಕೆಯನ್ನು ಬಿಗಿಯುವ ಹಾಗಿಲ್ಲವಲ್ಲ. ಮರುದಿನ ಕಾರ್ಕಳಕ್ಕೆ ಹೋಗಿ, ಮೊಬೈಲಿನಲ್ಲಿ ಆ ಸ್ವರವನ್ನು ಕೇಳುತ್ತ ಅಂಗಡಿಯ ಮಡಕೆಗಳನ್ನೆಲ್ಲ ಒಂದೊಂದಾಗಿ ತಟ್ಟಿ, ಹೊಂದಿದ್ದೊಂದನ್ನು ಆರಿಸಿಕೊಂಡೆ.

ಅಂಗಡಿಯಾಕೆ ಬಹಳ ಹೊತ್ತು ನೋಡಿದರು. “ಎಂತ ಬೇಯಿಸ್ಲಿಕ್ಕೆ?”

“ಬೇಯಿಸ್ಲಿಕ್ಕಲ್ಲ ಅಕ್ಕ, ಬಾರಿಸ್ಲಿಕ್ಕೆ.”

“ಹಾಗಾದ್ರೆ ಒಡೆದ ಮೇಲೆ ಪುನಃ ಬನ್ನಿ.”

ಸೋಮವಾರ ಪ್ರಜ್ವಲ್ ಬಂದ. ಕೂಗಿನವರೆಗೆ ವಾದ್ಯಗಳನ್ನು ಮೆಲ್ಲಗೆ ನಡೆಸಿ, ಕೂಗುವಾಗ ನಿಲ್ಲಿಸಿ, ಅವಳು ಬಿಟ್ಟ ಸ್ವರದಲ್ಲೇ ಮದ್ದಳೆ ಎತ್ತಿಕೊಳ್ಳುವಂತೆ ಮಾಡಿದ್ದೆವು. ಮಡಕೆ ಅದನ್ನು ಅಲೆಯ ಹಾಗೆ ಹಿಂದಿನಿಂದ ಹೊತ್ತು ತರುತ್ತಿತ್ತು. ಅವನು ಎರಡು ಸಲ ಕೇಳಿದ.

“ವಯಲಿನ್ ಬೇಡ. ಇನ್ನು ಇದನ್ನು ಯಾರೂ ಮುಟ್ಟಬೇಡಿ.”

ಚಿತ್ರ ಉಡುಪಿಯಲ್ಲಿ ತೆರೆಕಂಡಾಗ ಹಿಂದಿನ ಸಾಲಿನಲ್ಲಿ ಕುಳಿತು ನೋಡಿದೆ. ಮುಗಿದ ಮೇಲೆ ಮುಂದಿದ್ದ ಹೆಂಗಸು ಸೆರಗಿನಿಂದ ಕಣ್ಣೊರೆಸಿ, “ಕೊನೆಗೆ ಎಷ್ಟು ಚಂದ ಹಾಡಿದ್ಲು ಅಲ್ವಾ,” ಎಂದು ಪಕ್ಕದವರಿಗೆ ಹೇಳಿದರು. ಅವಳು ಹಾಡಿರಲಿಲ್ಲ, ಕೂಗಿದ್ದಳು ಅಷ್ಟೇ. ನನಗೆ ಸಿಕ್ಕಿದ ಯಾವ ಹೊಗಳಿಕೆಯೂ ಅದಕ್ಕೆ ಸಮ ಬಂದಿಲ್ಲ.

ಈಗ ಯಾವ ಚಿತ್ರ ಬಂದರೂ ವಾದ್ಯ ಮುಟ್ಟುವ ಮೊದಲು ಅದರಲ್ಲಿ ಮಾತನಾಡುವವರ ದನಿ ಕೇಳುತ್ತೇನೆ. ಹಾಡೇ ಇಲ್ಲದ ಕಡೆಯೂ ಶ್ರುತಿ ಕೊಡುವವರು ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಕಂಡುಕೊಳ್ಳುವುದೇ ನನ್ನ ಕೆಲಸ.